ಹೆಸರು ಕೇಳದೆ ಹಿಡಿದ ಕೈ

ತಿ. ನರಸೀಪುರ
22 ಜನವರಿ 1997

ಅವ್ವನಿಗೆ ಪವಿತ್ರಳ ನಮಸ್ಕಾರಗಳು.

ಈ ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆಯಬೇಕೆಂದು ಕೂತಿದ್ದೇನೆ. ಕಳೆದ ಭಾನುವಾರ ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ಯೇಸುವೇ ನನ್ನ ಕರ್ತನೆಂದು ಸಭೆಯವರ ಮುಂದೆ ಒಪ್ಪಿಕೊಂಡೆ. ಯಾರೂ ಬಲವಂತ ಮಾಡಲಿಲ್ಲ, ಯಾರೂ ಯಾವ ಆಸೆಯನ್ನೂ ತೋರಿಸಲಿಲ್ಲ. ಅಣ್ಣ ಮೊದಲು ಕೇಳುವುದು ಅದನ್ನೇ ಎಂದು ಗೊತ್ತಿರುವುದರಿಂದ ಮೊದಲೇ ಬರೆದಿದ್ದೇನೆ.

ಪಕ್ಕದ ಮನೆಯ ಮುತ್ತಮ್ಮನನ್ನು ನೀನು ನೋಡಿದ್ದೀಯ. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿರುವವರು. ಅವರ ಜೊತೆ ಪ್ರಾರ್ಥನೆಗೆ ಹೋಗುತ್ತ ಹೋಗುತ್ತ ಹೀಗಾಯಿತು. ಕೊರಳಿನ ಲಿಂಗವನ್ನು ಬಿಸಾಡಿಲ್ಲ ಅವ್ವ. ತೊಳೆದು, ಕರಡಿಗೆಯಲ್ಲಿಟ್ಟು, ಅಪ್ಪನ ಫೋಟೋದ ಮುಂದೆ ಇಟ್ಟಿದ್ದೇನೆ.

ನಾನು ಕುಲ ಬಿಟ್ಟೆ ಎಂದು ಅಂದುಕೊಳ್ಳಬೇಡ. ನನಗೆ ರಕ್ಷಣೆ ಸಿಕ್ಕಿತು ಎಂದು ತಿಳಿದುಕೋ. ನಮ್ಮ ಮನೆಯವರು ಹೋದ ಮೇಲೆ ಮೊದಲ ಸಲ ಎದೆಯ ಮೇಲಿನ ಕಲ್ಲು ಇಳಿದಂತಿದೆ. ಆಫೀಸಿನಲ್ಲಿ ಕೆಲಸ ಮಾಮೂಲಿನಂತೆ ನಡೆದಿದೆ.

ನಿನ್ನ ಮಗಳು,
ಪವಿತ್ರ


ನಂಜನಗೂಡು
20 ಫೆಬ್ರವರಿ 1997

ಚಿ. ಪವಿತ್ರಳಿಗೆ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಬರೆದು ಬರೆದು ಹರಿದೆ. ಪ್ರತಿ ಸಲವೂ ‘ಚಿ. ಸೌ.’ ಎಂದು ಶುರು ಮಾಡಿಬಿಡುತ್ತೇನೆ. ಒಂದೂವರೆ ವರ್ಷವಾದರೂ ಕೈಗೆ ಇನ್ನೂ ಬುದ್ಧಿ ಬಂದಿಲ್ಲ.

ಮಲ್ಲಿಕಾರ್ಜುನನಿಗೆ ಓದಿ ಹೇಳಿದೆ. ನಿನ್ನಣ್ಣ ಊಟದ ತಟ್ಟೆ ಬಿಟ್ಟು ಎದ್ದ. “ಇನ್ಮೇಲೆ ಅವಳು ಈ ಹೊಸಲು ತುಳಿಯೋ ಹಂಗಿಲ್ಲ ಕಣವ್ವ. ನಾಳೆ ಮಠದೋರು ಅಂಗ್ಡಿಗೆ ಬಂದು ಕೇಳುದ್ರೆ ನಾನು ಏನಂತ ಯೋಳ್ಲಿ?” ಎಂದ. ಗೊಬ್ಬರದ ಅಂಗಡಿಗೆ ನಾಲ್ಕೂರಿನ ಜನ ಬರುತ್ತಾರೆ. ಅವನ ಕಷ್ಟ ಅವನಿಗೆ.

ನನಗೆ ಮಠದ ಚಿಂತೆ ಇಲ್ಲ. ಆಯಸ್ಸೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ಯಾರು ಯಾವ ದೇವರನ್ನು ಕೂಗಿದರೂ ಕೇಳುವ ಕಿವಿ ಒಂದೇ ಎಂದು ನಂಬಿದ್ದವಳು. ಆದರೆ ನಿನ್ನನ್ನು ಒಂದು ಮಾತು ಕೇಳಬೇಕು. ಎಲ್ಲಿ ಮುಳುಗಿದೆ ನೀನು? ಸಂಗಮದಲ್ಲಿಯೇ? ನಂಜೇಶನನ್ನು ನುಂಗಿದ ನೀರಿನಲ್ಲಿ ಇಳಿದು ನಗುನಗುತ್ತ ಎದ್ದು ಬಂದೆಯಾ? ಅವನು ನಿನಗೆ ಗಂಡ. ನನಗೆ ತಮ್ಮನ ಮಗ. ತಾಯಿಯಿಲ್ಲದ ಕೂಸನ್ನು ಎಣ್ಣೆನೀರು ಹಾಕಿ ಬೆಳೆಸಿದ್ದು ಈ ಕೈ. ಆವತ್ತಿನಿಂದ ನಾನು ಈ ಊರಿನಲ್ಲಿ ಕಪಿಲೆಯ ಕಡೆ ತಿರುಗಿಯೂ ನೋಡಿಲ್ಲ.

ರಕ್ಷಣೆ ಎಂದು ಬರೆದಿದ್ದೀಯ. ಯಾರಿಂದ ರಕ್ಷಣೆ ಮಗಳೇ? ನಮ್ಮಿಂದಲೇ?

ಅವ್ವ


ತಿ. ನರಸೀಪುರ
6 ಏಪ್ರಿಲ್ 1997

ಅವ್ವನಿಗೆ,

ಹೌದು, ಸಂಗಮದಲ್ಲೇ. ಬೇರೆ ಕಡೆ ಬೇಕಾದರೂ ಆಗಬಹುದು ಎಂದು ಪಾಸ್ಟರ್ ಹೇಳಿದರು. ಅಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. ಯಾಕೆಂದು ಹೇಳುತ್ತೇನೆ. ಹೇಳಬಾರದೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ.

ಅವರು ಹೋಗಿ ವರ್ಷವಾಗುವ ಹೊತ್ತಿಗೆ, ಆಷಾಢದಲ್ಲಿ, ಒಂದು ಮಧ್ಯಾಹ್ನ ಆಫೀಸಿನಿಂದ ಊಟಕ್ಕೆಂದು ಹೊರಟೆ. ಕೆ.ಇ.ಬಿ.ಯವರು ಅವರ ಬದಲಿಗೆ ನನಗೆ ಕೊಟ್ಟ ಕುರ್ಚಿ ಅದು. ಕಿಟಕಿಯಿಂದ ನೋಡಿದರೆ ಲೈನ್‌ಮನ್‌ಗಳು ಏಣಿ ಹೊತ್ತು ಹೋಗುವುದು ಕಾಣುತ್ತದೆ. ತೀರಿಕೊಂಡ ದಿನ ಅವರೂ ಹಾಗೇ ಕಂಬದ ಮೇಲೆ ಇಲ್ಲದಿದ್ದರೆ ತೆಪ್ಪ ಮಗುಚಿದ್ದು ಅವರಿಗೆ ಕಾಣುತ್ತಲೇ ಇರಲಿಲ್ಲ. ಕಬಿನಿಯಿಂದ ನೀರು ಬಿಟ್ಟಿದ್ದರು, ದಡದಲ್ಲಿದ್ದವರು ಯಾರೂ ಇಳಿಯಲಿಲ್ಲ, ಇವರು ಇಳಿದರು. ತೆಪ್ಪದಲ್ಲಿದ್ದ ಆ ಹೆಂಗಸನ್ನು ದಡಕ್ಕೆ ಹಾಕಿ, ಅವಳ ನಾದಿನಿಯನ್ನು ತರಲು ಮತ್ತೆ ಹೋದರು. ಮುಡುಕುತೊರೆಯ ಕೆಳಗೆ ಸಿಕ್ಕಿದರು. ಇದನ್ನೇ ಕುರ್ಚಿಯಲ್ಲಿ ಕೂತು ದಿನವೂ ನೆನೆಯುತ್ತಿದ್ದೆ. ಆವತ್ತು ಕಾಲು ಮನೆಯ ಕಡೆ ತಿರುಗಲಿಲ್ಲ, ಹೊಳೆಯ ಕಡೆ ಹೋಯಿತು. ಹಿಂತಿರುಗುವ ಯೋಚನೆ ಇರಲಿಲ್ಲ ಅವ್ವ.

ಮೆಟ್ಟಿಲ ಮೇಲೆ ಕೂತಿದ್ದೆ. ಡ್ಯೂಟಿ ಮುಗಿಸಿ ಬರುತ್ತಿದ್ದ ಮುತ್ತಮ್ಮ ನೋಡಿದರು. ಬೈಯಲಿಲ್ಲ, ಕೂಗಲಿಲ್ಲ. ಬಂದು ಪಕ್ಕದಲ್ಲಿ ಕೂತು ಟಿಫಿನ್ ಕ್ಯಾರಿಯರ್ ಬಿಚ್ಚಿದರು. “ಉಣ್ಣು. ಅಳೋದಕ್ಕೂ ಒಟ್ಟೇಲಿ ಏನಾರ ಇರ್ಬೇಕು” ಅಂದರು. ಉಂಡೆ. ಆಮೇಲೆ ಅತ್ತೆ. ಅವರು ಕಣ್ಣು ಮುಚ್ಚಿಕೊಂಡು, “ಯೇಸಪ್ಪಾ, ಈ ಮಗ ನಿಂದು, ಇಡ್ಕೊ” ಅಂದರು. ಅಷ್ಟೇ. ಯಾರೋ ಹಿಡಿದುಕೊಂಡರು ಎಂದು ನನಗೆ ಅನ್ನಿಸಿತು. ಅದನ್ನು ಬೇರೆ ಹೇಗೂ ಬರೆಯಲು ನನಗೆ ಬರುವುದಿಲ್ಲ.

ಯಾರಿಂದ ರಕ್ಷಣೆ ಎಂದು ಕೇಳಿದೆಯಲ್ಲ. ಆ ನೀರಿನಿಂದ. ಅದಕ್ಕೇ ಅದರಲ್ಲೇ ಇಳಿದು ಎದ್ದೆ. ನಗುನಗುತ್ತ ಅಲ್ಲ.

ಪವಿತ್ರ


ನಂಜನಗೂಡು
14 ಮೇ 1997

ಚಿ. ಪವಿತ್ರಳಿಗೆ,

ನೀನು ಹೊಳೆಗೆ ಹೋದದ್ದನ್ನು ನನಗೆ ಹೇಳಲಿಲ್ಲ. ಆ ಆಷಾಢದಲ್ಲೇ ನಾನು ನಿನ್ನ ಮನೆಗೆ ಬಂದು ವಾರವಿದ್ದು ಹೋದೆ. ಸಾರಿಗೆ ಉಪ್ಪು ಸಾಲದು ಅಂದೆ, ಮೈ ಇಳಿದಿದ್ದೀಯ ಅಂದೆ. ನೀನು ಹೂಂ ಅಂದೆ.

ಮುತ್ತಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಅವ್ವ


ತಿ. ನರಸೀಪುರ
29 ಜುಲೈ 1997

ಅವ್ವನಿಗೆ,

ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ. ಸಭೆಯವರಿಗೆ ಹೇಳಿದರೆ ನಂಬಿಕೆ ಸಾಲದು ಅನ್ನುತ್ತಾರೆ. ಆಫೀಸಿನವರಿಗೆ ಹೇಳಿದರೆ ‘ಹೋಗಿ ಸೇರಿಕೊಂಡೆಯಲ್ಲ, ಅನುಭವಿಸು’ ಅನ್ನುತ್ತಾರೆ.

ಹೋದ ತಿಂಗಳು ಮೈಸೂರಿನಿಂದ ಒಬ್ಬ ಹಿರಿಯ ಬೋಧಕರು ಬಂದಿದ್ದರು. ಒಳ್ಳೆಯ ಮಾತುಗಾರರು. ಕರ್ತನನ್ನು ನಂಬದೆ, ಆತನ ಹೆಸರನ್ನು ಕರೆಯದೆ ಸತ್ತವರಿಗೆ ರಕ್ಷಣೆ ಇಲ್ಲ, ಅವರು ಎಷ್ಟೇ ಒಳ್ಳೆಯವರಾದರೂ ನಿತ್ಯನಾಶಕ್ಕೇ ಹೋಗುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಎಲ್ಲರೂ ‘ಆಮೆನ್’ ಅಂದರು. ನನ್ನ ಬಾಯಿಯೂ ಅಂದುಬಿಟ್ಟಿತು. ಅಂದ ಮೇಲೆ, ನಾನು ಯಾರ ಮೇಲೆ ಆಮೆನ್ ಅಂದೆ ಎಂದು ಹೊಳೆಯಿತು.

ನಮ್ಮ ಪಾಸ್ಟರನ್ನು ಕೇಳಿದೆ. ಚಿಕ್ಕ ವಯಸ್ಸಿನವರು, ಮೆದು ಮನಸ್ಸು. “ಅಕ್ಕಾ, ಈಗಿರೋರ ಬಗ್ಗೆ ಯೋಚನೆ ಮಾಡಿ. ನಿಮ್ಮ ತಾಯಿಯೋರಿಗೆ, ಅಣ್ಣನೋರಿಗೆ ಸುವಾರ್ತೆ ಹೇಳಿ” ಅಂದರು. ನಾನು ನಂಜೇಶರ ಹೆಸರನ್ನೇ ಹಿಡಿದು ಮತ್ತೆ ಕೇಳಿದೆ. ಅವರು ಬೈಬಲ್ ಮುಚ್ಚಿ ಎದ್ದರು.

ಅವ್ವ, ನಂಜೇಶರಿಗೆ ಯೇಸುವಿನ ಹೆಸರು ಕ್ಯಾಲೆಂಡರಿನ ಚಿತ್ರದಲ್ಲಿ ಕಂಡಷ್ಟೇ ಗೊತ್ತಿತ್ತು. ಕಂಬ ಹತ್ತುವ ಮುಂಚೆ ಲಿಂಗವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹೊಳೆ ಅವರ ದೇಹವನ್ನು ಕೊಂಡುಹೋಯಿತು. ಈಗ ನಾನು ನಂಬಿದ ಮಾತು ಉಳಿದದ್ದನ್ನೂ ಕೊಂಡುಹೋಗುತ್ತಿದೆ. ನನ್ನನ್ನು ಮೇಲೆತ್ತಿದ ಕೈಯೇ ಅವರನ್ನು ಅದುಮಿ ಹಿಡಿದಿದೆಯೇ? ನಾನು ಪರಲೋಕಕ್ಕೆ ಹೋದರೆ ಅಲ್ಲಿ ಯಾರ ಮುಖ ನೋಡಲಿ?

ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗ ಪಕ್ಕದವರಿಗೆ ದಾಟಿಸುತ್ತೇನೆ. ಮುತ್ತಮ್ಮ ನೋಡುತ್ತಾರೆ. ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಟ್ಟರೆ ಮತ್ತೆ ಆ ಮೆಟ್ಟಿಲೇ.

ಅವರನ್ನು ನನ್ನಷ್ಟು ಬಲ್ಲವಳು ನೀನೊಬ್ಬಳೇ. ಏನಾದರೂ ಬರಿ. ಬೈದಾದರೂ ಬರಿ.

ಪವಿತ್ರ


ನಂಜನಗೂಡು
8 ಸೆಪ್ಟೆಂಬರ್ 1997

ಚಿ. ಪವಿತ್ರಳಿಗೆ,

ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹೋದ ಬುಧವಾರ ಮಲ್ಲಿಕಾರ್ಜುನನಿಗೆ ಸುತ್ತೂರಿಗೆ ಹೋಗಿಬರುತ್ತೇನೆಂದು ಹೇಳಿ, ಅದೇ ಬಸ್ಸಿನಲ್ಲಿ ಮುಂದಕ್ಕೆ ಟಿಕೆಟ್ ತೆಗೆದುಕೊಂಡು ನಿನ್ನ ಊರಿಗೆ ಬಂದೆ. ನೀನು ಆಫೀಸಿನಲ್ಲಿರುವ ಹೊತ್ತು ನೋಡಿಕೊಂಡೇ ಬಂದೆ. ನಿನ್ನ ಪಾಸ್ಟರ ಮನೆ ಕೇಳಿಕೊಂಡು ಹೋದೆ.

ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಗಿಲಲ್ಲಿ ನಿಂತ ಮುದುಕಿಯನ್ನು ನೋಡಿ ಆ ಹುಡುಗ ಗಾಬರಿಯಾದ. ಹೆಂಡತಿ ಬಾಣಂತಿ, ಒಳಗೆ ಕೂಸು ಅಳುತ್ತಿತ್ತು. ಚಾಪೆ ಹಾಸಿದ. ನಾನು ಕೂರಲಿಲ್ಲ.

“ನೀರಿಗೆ ಬಿದ್ದೋರನ್ನ ದಡಕ್ಕೆ ಹಾಕ್ದೋನಿಗೆ ರಕ್ಷಣೆ ಇಲ್ಲ, ದಡದಲ್ಲಿ ನಿಂತು ಆಮೆನ್ ಅಂದೋರಿಗೆ ಉಂಟು. ಇದೇ ಏನಪ್ಪಾ ನಿಮ್ಮ ದೇವರ ನ್ಯಾಯ?” ಎಂದೆ. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು.

ಅವನು ವಾದಕ್ಕೆ ಬರಲಿಲ್ಲ. “ಅಮ್ಮಾ, ನಮ್ದು ಕೊಳ್ಳೇಗಾಲದ ಕಡೆ. ನಮ್ಮಪ್ಪ ವರ್ಷಾ ವರ್ಷ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋರು. ನಾನು ಈ ದಾರಿಗೆ ಬಂದ್ಮೇಲೆ ನನ್ನ ಮುಖ ನೋಡ್ದೆ ಸತ್ರು. ಅವತ್ತು ಆ ಬೋಧಕರು ಹಂಗಂದಾಗ ನಾನೂ ಮುಂದೆ ಕೂತಿದ್ದೆ. ನಾನೂ ಆಮೆನ್ ಅಂದೆ” ಎಂದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಬಾಣಂತಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಂತಳು.

ಬೈಯಲು ಹೋದವಳು ಕೂಸನ್ನು ಇಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡು ಕೂತೆ. “ಪುಸ್ತಕದಲ್ಲಿ ಬೇರೆ ಏನೂ ಬರೆದಿಲ್ವೇನಪ್ಪಾ?” ಎಂದೆ. “ಬರ್ದಿದೆ ಅಮ್ಮಾ. ಆತನ ಕರುಣೆಗೆ ಅಳತೆ ಇಲ್ಲ ಅಂತಾನೂ ಬರ್ದಿದೆ. ಎರಡನ್ನೂ ಒಟ್ಟಿಗೆ ಹಿಡ್ಕೊಳ್ಳೋ ಶಕ್ತಿ ನನಗಿಲ್ಲ” ಎಂದ. ಅವನು ಸುಳ್ಳು ಹೇಳುವವನಲ್ಲ. ಅದೊಂದು ನನಗೆ ಸಮಾಧಾನ.

ನಿನ್ನನ್ನು ನೋಡದೆ ಹೊರಟೆ. ನೋಡಿದ್ದರೆ ‘ಬಿಟ್ಟು ಬಾ ಮನೆಗೆ’ ಎಂದುಬಿಡುತ್ತಿದ್ದೆ. ಬಸ್ಸಿನಲ್ಲಿ ಯೋಚನೆ ಬಂತು: ಬಿಟ್ಟು ಬಂದವಳನ್ನು ಆ ಮೆಟ್ಟಿಲಿನಿಂದ ಎಬ್ಬಿಸುವ ಮಾತು ನನ್ನ ಬಾಯಲ್ಲಿದೆಯೇ? ಆವತ್ತು ಇರಲಿಲ್ಲ. ನಾನು ಉಪ್ಪು ಸಾಲದು ಅಂದವಳು. ಆದ್ದರಿಂದ ಬಿಡಬೇಡ ಎಂದೇ ಬರೆಯುತ್ತಿದ್ದೇನೆ. ಬರೆಯಲು ಎಷ್ಟು ಕಷ್ಟವಾಯಿತು ಎಂಬುದು ಆ ಶಿವನಿಗೇ ಗೊತ್ತು.

ಇನ್ನೊಂದು ಮಾತು. ನಂಜೇಶ ದಡಕ್ಕೆ ಹಾಕಿದ ಆ ಹೆಂಗಸು, ಸಾಕಮ್ಮ. ಕಾರ್ಯವಾದ ಮಾರನೆಯ ದಿನ ಬಂದಿದ್ದಳು. ನೀನು ಒಳಗಿನಿಂದ ಬಾಗಿಲು ಹಾಕಿಕೊಂಡೆ. ನಾನು ಅಂಗಳದಲ್ಲೇ ಒಂದು ಚೊಂಬು ನೀರು ಕೊಟ್ಟು ಕಳಿಸಿದೆ. ಬನ್ನೂರು ಬಸ್ ಸ್ಟ್ಯಾಂಡಿನ ಹಿಂದೆ ಸೊಪ್ಪು ಮಾರುತ್ತೇನೆ ಎಂದಿದ್ದಳು. ಅವನ ಕೊನೆಯ ಗಳಿಗೆಯನ್ನು ಬಲ್ಲವಳು ಲೋಕದಲ್ಲಿ ಅವಳೊಬ್ಬಳು. ಬೋಧಕರನ್ನು ಕೇಳಿದ್ದಾಯಿತು, ನನ್ನನ್ನು ಕೇಳಿದ್ದಾಯಿತು. ಅವಳನ್ನು ಒಮ್ಮೆ ಕೇಳಬಾರದೇ?

ಅವ್ವ


ತಿ. ನರಸೀಪುರ
17 ನವೆಂಬರ್ 1997

ಅವ್ವನಿಗೆ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಆ ಹೆಂಗಸಿನ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು ನನಗೆ. ಅವಳು ಉಳಿದಳು, ಅವರು ಹೋದರು. ಪ್ರಾರ್ಥನೆಯಲ್ಲಿ ಎಲ್ಲರ ಹೆಸರು ಹೇಳಿದರೂ ಅವಳ ಹೆಸರು ಬಂದಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಕೊನೆಗೆ ದೀಪಾವಳಿ ಕಳೆದ ಮೇಲೆ ಮುತ್ತಮ್ಮನೇ ರಜೆ ಹಾಕಿ ಕರೆದುಕೊಂಡು ಹೋದರು.

ಬಸ್ ಸ್ಟ್ಯಾಂಡಿನ ಹಿಂದೆ ಗೋಣಿ ಹಾಸಿಕೊಂಡು ಕೂತಿದ್ದಳು. ದಂಟಿನ ಸೊಪ್ಪು ಬಾಡಿದೆ ಎಂದ ಗಿರಾಕಿಯ ಜೊತೆ ಜಗಳ ನಡೆದಿತ್ತು. ಅಂಥ ಬಾಯಿ ನಾನು ಕೇಳಿಲ್ಲ. ಇವಳಿಗಾಗಿ ಹೋದರೇ ಎಂದುಕೊಂಡೆ. ಮುತ್ತಮ್ಮ, “ಇವ್ರು ಲೈನ್‌ಮನ್ ನಂಜೇಶಪ್ಪೋರ ಮನೆಯೋರು” ಎಂದರು. ಸಾಕಮ್ಮನ ಬಾಯಿ ಅಲ್ಲೇ ನಿಂತಿತು. ಸೆರಗು ಸರಿಮಾಡಿಕೊಂಡು ಎದ್ದಳು.

“ಬಯ್ಯಕ್ ಬಂದ್ರಾ ಅವ್ವ? ಬಯ್ರಿ. ನೀವು ಬಯ್ಯದೆ ಓದ್ರೆ ನಂಗ್ ಅನ್ನ ಇಳಿಯಲ್ಲ.”

“ಬಯ್ಯೋಕಲ್ಲ. ಅವತ್ತು ಏನಾಯ್ತು ಅಂತ ಕೇಳೋಕೆ ಬಂದೆ” ಎಂದೆ.

ಅವಳು ಗೋಣಿಯ ಅಂಚಿನಲ್ಲಿ ಕೂತು ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ.

“ತೆಪ್ಪ ಮೊಗಚ್ಕತು. ನೀರು ಮೂಗು ಬಾಯ್ಗೆಲ್ಲ ನುಗ್ಗ್ತು. ಯಾರೋ ಇಂದ್ಲಿಂದ ಜುಟ್ಟು ಇಡ್ಕಂಡ್ರು. ನಾನು ಎದರ್ಕಂಡು ತಿರುಕ್ಕಂಡು ಅವ್ರ ಕತ್ತ ತಬ್ಕಬುಟ್ಟೆ. ಇಬ್ರೂ ಮುಳುಗುದ್ವಿ. ‘ಕತ್ತು ಬುಡು ತಾಯಿ, ನಾನ್ ನಿನ್ನ ಬುಡಕಿಲ್ಲ’ ಅಂದ್ರು. ಗ್ಯಾನ ಎಲ್ಲಿತ್ತವ್ವ ನಂಗೆ? ಅವ್ರ ಕೈನ ಕಚ್ಬುಟ್ಟೆ. ನಾನಾಗಿದ್ರೆ ಒದ್ದು ನೂಕ್ತಿದ್ದೆ. ಅವ್ರು ಕಚ್ಚಿಸ್ಕಂಡೇ ಎಳ್ಕಂಡೋದ್ರು. ದಡದ ಮ್ಯಾಲೆ ಆಕುದ್ರು. ‘ವೆಂಕಟಮ್ಮ, ವೆಂಕಟಮ್ಮ’ ಅಂತ ನಾನು ಬಡ್ಕಂಡೆ. ನನ್ನ ನಾದಿನಿ. ಅವ್ರು ಉಸ್ರು ಕೂಡ ಎಳ್ಕಳ್ನಿಲ್ಲ, ತಿರುಗ ಬಿದ್ರು. ಇಬ್ರೂ ಬರ್ನಿಲ್ಲ.”

ಸ್ವಲ್ಪ ಹೊತ್ತು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೂತಳು. ಆಮೇಲೆ ಹೇಳಿದಳು:

“ನಾವು ಕೇರಿ ಜನ. ನೀರ್ನಲ್ಲಿ ಅವ್ರು ನನ್ನ ಎಸ್ರೂ ಕೇಳ್ನಿಲ್ಲ, ಜಾತಿನೂ ಕೇಳ್ನಿಲ್ಲ. ವೆಂಕಟಮ್ಮ ನನ್ಗಿಂತ ಒಳ್ಳೇಳು ಕಣವ್ವ. ನಾನು ಬಾಯ್ಬಡ್ಕಿ, ಸೊಸೇನ ಉಣ್ಣಕ್ ಬುಡ್ದೋಳು. ನನ್ನೇ ಯಾಕ್ ಇಡ್ಕಂಡ್ರು? ಉಳಿಸ್ಬುಟ್ಟು ಓಂಟೋದ್ರು. ಉಳ್ಕಂಡೋಳು ಎಂಗ್ ಬದುಕ್ಬೇಕು ಅಂತ ಯೋಳ್ದೇ ಓಂಟೋದ್ರು. ಈಗ್ಲೂ ಜಗಳ ಆಡ್ತೀನಿ. ಸೊಸೆ ಮ್ಯಾಲೆ ಕೈ ಎತ್ತೋಕ್ ಓದ್ರೆ ಮಾತ್ರ ಕೈ ಮ್ಯಾಕ್ಕೆ ಏಳಕಿಲ್ಲ. ಇದು ನನ್ ಕೈಯಲ್ಲ ಅನ್ನುಸ್ತದೆ.”

ತನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದಳು. “ಇತ್ತು” ಎಂದೆ. “ಇಲ್ಲ ಅಂದಿದ್ರೆ ನಂಬ್ತಿರ್ನಿಲ್ಲ” ಎಂದಳು. ಹೊರಡುವಾಗ ಸೊಪ್ಪಿನ ಕಟ್ಟು ಕೊಡಲು ಬಂದು, ನಾನು ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ಅರ್ಧದಲ್ಲಿ ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ. ಬಸ್ಸು ಹಾರ್ನ್ ಮಾಡಿದರೂ ಬಿಡಲಾಗಲಿಲ್ಲ. ಅವರು ಕೊನೆಗೆ ಮುಟ್ಟಿದ ಜೀವಂತ ಮೈ ಅದೇ ಅಲ್ಲವೇ.

ಅವ್ವ, ನಾನು ವರ್ಷದಿಂದ ‘ರಕ್ಷಣೆ ಹೊಂದಿದವಳು’ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಸಾಕಮ್ಮನನ್ನು ನೋಡುವವರೆಗೆ, ಅದು ನಾನು ಓದಿ ಪಾಸು ಮಾಡಿದ ಪರೀಕ್ಷೆ ಎಂಬಂತೆ ಹೇಳುತ್ತಿದ್ದೆ. ಅವಳೇನು ಪಾಸು ಮಾಡಿದಳು? ಕೂಗಲೂ ಇಲ್ಲ, ನಂಬಲೂ ಇಲ್ಲ. ಹಿಡಿದ ಕೈಯನ್ನು ಕಚ್ಚಿದಳು. ಆದರೂ ದಡಕ್ಕೆ ಬಂದಳು, ಯಾಕೆಂದರೆ ಹಿಡಿದವರು ಬಿಡಲಿಲ್ಲ. ನನ್ನ ಕರ್ತನೂ ನನಗಾಗಿ ಪ್ರಾಣ ಕೊಟ್ಟವನು ಎಂದು ಪ್ರತಿ ಭಾನುವಾರ ಹಾಡುತ್ತೇನೆ. ಆ ಮಾತಿನ ತೂಕ ನನಗೆ ತಿಳಿದದ್ದು ಸೊಪ್ಪಿನ ಗೋಣಿಯ ಮುಂದೆ.

ಹಾಗಾದರೆ ಒಂದೇ ಪ್ರಶ್ನೆ ಉಳಿಯಿತು. ಕಚ್ಚಿದವಳನ್ನೂ ಹೆಸರು ಕೇಳದೆ ಹಿಡಿದವರು ನಂಜೇಶರು. ನನ್ನ ಕರ್ತನು ನಂಜೇಶರಿಗಿಂತ ಸಣ್ಣವನೇ?

ಇದನ್ನೇ ಪಾಸ್ಟರಿಗೆ ಹೇಳಿದೆ. “ನಾನು ಹಂಗೆ ಬೋಧಿಸೋಕಾಗಲ್ಲ ಅಕ್ಕಾ. ಸಭೆ ಒಪ್ಪಲ್ಲ. ನನಗೇ ಪೂರ್ತಿ ಧೈರ್ಯ ಇಲ್ಲ. ಆದ್ರೆ ನೀವು ನಿಮ್ಮ ಯಜಮಾನ್ರ ಹೆಸರು ಹೇಳಿ ಪ್ರಾರ್ಥನೆ ಮಾಡುವಾಗ ನಮ್ಮಪ್ಪನ ಹೆಸರನ್ನೂ ಸೇರಿಸ್ಕೊಳ್ಳಿ. ರಾಮಯ್ಯ ಅಂತ” ಎಂದರು.

ನಿನ್ನೆ ರೊಟ್ಟಿ ತೆಗೆದುಕೊಂಡೆ. ಉತ್ತರ ಸಿಕ್ಕಿತು ಎಂದಲ್ಲ. ಕೆಲವು ಸಲ ಇನ್ನೂ ಬೆವೆತು ಏಳುತ್ತೇನೆ, ಆ ಬೋಧಕರ ದನಿ ಕಿವಿಯಲ್ಲಿರುತ್ತದೆ. ಆಗ ನಂಜೇಶರನ್ನು ಕರ್ತನ ಕೈಗೆ ಬಿಡುತ್ತೇನೆ, ಮರುಗಳಿಗೆ ಕಿತ್ತುಕೊಳ್ಳುತ್ತೇನೆ, ಮತ್ತೆ ಬಿಡುತ್ತೇನೆ. ನನ್ನ ನಂಬಿಕೆ ಈಗ ಇಷ್ಟೇ.

ಪವಿತ್ರ


ನಂಜನಗೂಡು
30 ಡಿಸೆಂಬರ್ 1997

ಚಿ. ಪವಿತ್ರಳಿಗೆ,

ನಿನ್ನ ಕಾಗದವನ್ನು ಮಲ್ಲಿಕಾರ್ಜುನನಿಗೆ ಓದಿ ಹೇಳಿದೆ. ಕಚ್ಚಿದ ಮಾತು ಬಂದಾಗ ಎದ್ದು ಹೊರಗೆ ಹೋದ. ನಂಜೇಶ ಅವನಿಗೆ ಬರಿಯ ಬಾವನಲ್ಲ, ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನು. ಎರಡು ದಿನವಾದ ಮೇಲೆ ತಲೆ ಬಗ್ಗಿಸಿಕೊಂಡು ಹೇಳಿದ: “ಬರೋದಾದ್ರೆ ಬರ್ಲಿ ಅನ್ನು. ಪ್ರಾರ್ಥನೆ ಗೀರ್ಥನೆ ಅಂತ ಮಾತ್ರ ಇಲ್ಲಿ ಬ್ಯಾಡ.” ನಾನು, “ಅವಳು ಬಾಯಿ ಹೊಲ್ಕೊಂಡು ಬರೋದಾದ್ರೆ ಬರೋದೇ ಬ್ಯಾಡ ಬುಡು” ಎಂದೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನಿಂದ ಅಷ್ಟು ಸಿಕ್ಕಿದ್ದೇ ಹೆಚ್ಚು.

ಈಗ ನನ್ನ ವಿಷಯ. ಅದನ್ನು ಬರೆಯಲೆಂದೇ ಕೂತೆ. ಕಾರ್ತಿಕದಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, “ನಿಧಾನಕ್ಕಿರಿ ಟೀಚರ್” ಎಂದಿದ್ದಾರೆ. ಗಾಬರಿಯಾಗಬೇಡ. ಸಾವಿಗೆ ಹೆದರಿದವಳಲ್ಲ ನಾನು. ಲಿಂಗದಲ್ಲಿ ಒಂದಾಗುತ್ತೇನೆ ಎಂದು ಚಿಕ್ಕಂದಿನಿಂದ ನಂಬಿದ್ದೇನೆ. ನನಗೆ ನಿನ್ನ ರಕ್ಷಣೆ ಬೇಡ ಮಗಳೇ ಎಂದು ಬರೆದು ಮುಗಿಸೋಣ ಎಂದುಕೊಂಡಿದ್ದೆ.

ಆದರೆ ನೀನು ನನಗೊಂದು ಭಯ ಹತ್ತಿಸಿಬಿಟ್ಟೆ. ನರಕದ ಭಯವಲ್ಲ, ಅದನ್ನು ನಾನು ನಂಬುವುದಿಲ್ಲ. ನಾನು ಹೋಗುವ ಕಡೆ ನೀನು ಬರುವುದಿಲ್ಲವೇ ಎಂಬ ಭಯ. ಇಷ್ಟು ವರ್ಷ ಶಿವಪೂಜೆ ಮಾಡಿದೆ, ಒಂದು ದಿನವೂ ಇಂಥ ಯೋಚನೆ ಸುಳಿದಿರಲಿಲ್ಲ. ಈಗ ಲಿಂಗವನ್ನು ಅಂಗೈಯಲ್ಲಿಟ್ಟು ಕೂತಾಗ ನಿನ್ನ ಮುಖ ಅಡ್ಡ ಬರುತ್ತದೆ. ಇದನ್ನು ನನ್ನ ಗುರುಗಳನ್ನು ಕೇಳಲಾರೆ, ನಿನ್ನ ಪಾಸ್ಟರನ್ನೂ ಕೇಳಲಾರೆ. ಅವರಿಬ್ಬರಿಗೂ ಗೊತ್ತಿಲ್ಲ.

ನೀನು ಯಾರ ಯಾರನ್ನೋ ನಿನ್ನ ಕರ್ತನ ಕೈಗೆ ಬಿಡುತ್ತೀಯಲ್ಲ, ಆಗ ನನ್ನ ಹೆಸರು ಹೇಳುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಹೇಳಿದರೆ ಬೇಡ ಅನ್ನುವುದಿಲ್ಲ. ಹೇಗೆ ಹೇಳುತ್ತೀಯ ಎಂದು ಮಾತ್ರ ಒಮ್ಮೆ ಕಿವಿಯಾರೆ ಕೇಳಬೇಕೆನಿಸಿದೆ.

ಈ ಭಾನುವಾರ ಸಭೆ ಮುಗಿಸಿಕೊಂಡು ಬಾ. ಮುತ್ತಮ್ಮನನ್ನೂ ಕರೆದುಕೊಂಡು ಬಾ. ಅವರೆಕಾಳಿನ ಸಾರು ಮಾಡಿಟ್ಟಿರುತ್ತೇನೆ.

ನಿನ್ನ ಅವ್ವ,
ಚನ್ನಾಜಮ್ಮ